ಕೊಸರಿನ ಲೆಕ್ಕ

ಕಳೆದ ವರ್ಷ ಮಾರ್ಚ್ ತಿಂಗಳಲ್ಲಿ ನಾನು ದೆಹಲಿಗೆ ಹೋಗಬೇಕಿತ್ತು. ನನ್ನ ಪಿಎಚ್‌ಡಿ ಹಳೆ ಮೈಸೂರು ಸೀಮೆಯ ಸಂತೆಗಳ ಬಗ್ಗೆ. ಅದಕ್ಕೆ ಬೇಕಾದ ಕೆಲವು ಕಡತಗಳು ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಹಿಂದೆ ಎರಡು ಸಲ ಕರ್ನಾಟಕ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಬೋಗಿಯಲ್ಲಿ ಎರಡೆರಡು ರಾತ್ರಿ ಕಳೆದು, ಮೈಕೈ ನೋಯಿಸಿಕೊಂಡು ಹೋಗಿದ್ದವಳು ಈ ಸಲ ವಿಮಾನ ಹತ್ತಿದೆ. ಟಿಕೆಟ್ಟಿಗೆ ತೆರಿಗೆ ಮತ್ತು ಶುಲ್ಕ ಬಿಟ್ಟರೆ ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ. ಎರಡು ವರ್ಷದಿಂದ ಕ್ರೆಡಿಟ್ ಕಾರ್ಡಿನಲ್ಲಿ ತಾವಾಗಿಯೇ ಸೇರುತ್ತಾ ಹೋಗಿದ್ದ ಪಾಯಿಂಟುಗಳು ಆ ಟಿಕೆಟ್ಟಿನ ಬೆಲೆಯನ್ನು ತೀರಿಸಿದ್ದವು.

ತಿಪಟೂರಿನಲ್ಲಿ ದಿನಸಿ ಅಂಗಡಿ ಇಟ್ಟಿರುವ ಅಪ್ಪನಿಗೆ ಫೋನಿನಲ್ಲಿ ಈ ಸಂಭ್ರಮ ಹೇಳಿದೆ.

"ಪುಕ್ಕಟೆನಾ? ಯಾರು ಕೊಟ್ರು?"

"ಬ್ಯಾಂಕಿನವರು, ಅಪ್ಪ."

"ಬ್ಯಾಂಕಿನವ್ರು ಎಲ್ಲಿಂದ ತಂದ್ರಮ್ಮ?"

ನನಗೆ ಉತ್ತರ ಹೊಳೆಯಲಿಲ್ಲ. ಸಂತೆಗಳ ಚರಿತ್ರೆ ಓದುವವಳಿಗೆ, ಒಬ್ಬರಿಗೆ ಪುಕ್ಕಟೆ ಸಿಕ್ಕ ವಸ್ತು ಇನ್ನೊಬ್ಬರ ಲೆಕ್ಕದಲ್ಲಿ ಎಲ್ಲಿಯೋ ಖರ್ಚಾಗಿ ಕೂತಿರುತ್ತದೆ ಎಂಬುದು ಗೊತ್ತಿರಬೇಕಿತ್ತು. ಅಪ್ಪನ ಪ್ರಶ್ನೆಯನ್ನು ಹಿಡಿದುಕೊಂಡು ಹಿಂದೆ ಹಿಂದೆ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸಂತೆಗಳಲ್ಲಿ ಇದಕ್ಕೆ ಹತ್ತಿರದ ಒಂದು ಮಾತಿದೆ: ಕೊಸರು. ಅರ್ಧ ಸೇರು ಅವರೆಕಾಯಿ ಅಳೆದು ಸೀರೆಯ ಸೆರಗಿಗೋ ಚೀಲಕ್ಕೋ ಸುರಿದ ಮೇಲೆ, ಮಾರುವವಳು ಕೈಗೆ ಬಂದಷ್ಟನ್ನು ಮೇಲೆ ಹಾಕುತ್ತಾಳೆ. ಹಾಕದಿದ್ದರೆ ಕೊಳ್ಳುವವರು ಬಾಯಿಬಿಟ್ಟು ಕೇಳುತ್ತಾರೆ. ಕೊಟ್ಟರೆ ಮುಂದಿನ ವಾರವೂ ಅವಳ ಗುಡ್ಡೆಯ ಮುಂದೆಯೇ ಬಂದು ಕೂರುತ್ತಾರೆ. ಪಾಯಿಂಟು, ಮೈಲು, ರಿವಾರ್ಡು ಎಂದೆಲ್ಲ ಕರೆಯುವುದು ಇದನ್ನೇ ಅಲ್ಲವೇ ಎಂದು ನನಗೆ ಮೊದಲು ಅನ್ನಿಸಿತ್ತು. ಕೊಂಡದ್ದರ ಮೇಲೆ ಒಂದಿಷ್ಟು ಹೆಚ್ಚು, ಮತ್ತೆ ಬರಲಿ ಎಂಬ ಆಸೆಗೆ. ಆದರೆ ಒಂದು ವ್ಯತ್ಯಾಸವಿದೆ. ಅವರೆಕಾಯಿಯವಳು ಕೊಸರು ಹಾಕುವುದು ತನ್ನ ಗುಡ್ಡೆಯಿಂದ, ನಮ್ಮ ಕಣ್ಣೆದುರಿಗೆ. ದುಡ್ಡು ಕೊಟ್ಟವರಿಗೇ ಕೊಸರು ಸಿಗುತ್ತದೆ. ಪಾಯಿಂಟುಗಳ ಚರಿತ್ರೆಯಲ್ಲಿ ಹಾಗಲ್ಲ. ಅಲ್ಲಿ ಬೆಲೆ ತೆರುವವರು ಒಬ್ಬರು, ಕೊಸರು ಪಡೆಯುವವರು ಇನ್ನೊಬ್ಬರು.

*

ಈ ಕಥೆ ವಿಮಾನಕ್ಕಿಂತ ಹಳೆಯದು. 1896ರಲ್ಲಿ ಅಮೆರಿಕದಲ್ಲಿ ಸ್ಪೆರಿ ಮತ್ತು ಹಚಿನ್ಸನ್ ಎಂಬ ಇಬ್ಬರು ಸೇರಿ ಒಂದು ಕಂಪನಿ ಮಾಡಿದರು. ಅವರು ಮಾರುತ್ತಿದ್ದುದು ಹಸಿರು ಬಣ್ಣದ ಚಿಕ್ಕ ಚಿಕ್ಕ ಚೀಟಿಗಳನ್ನು, ನೋಡಲು ಅಂಚೆ ಚೀಟಿಯ ಹಾಗೆಯೇ. ಕೊಳ್ಳುತ್ತಿದ್ದವರು ಅಂಗಡಿಯವರು. ಗಿರಾಕಿ 10 ಸೆಂಟಿನ ಸಾಮಾನು ಕೊಂಡರೆ ಅಂಗಡಿಯವನು ಒಂದು ಚೀಟಿ ಕೊಡಬೇಕು. ಗಿರಾಕಿ ಅದನ್ನು ನಾಲಿಗೆಯಿಂದ ನೆಕ್ಕಿ ಒಂದು ಪುಸ್ತಕಕ್ಕೆ ಅಂಟಿಸಬೇಕು. 1,200 ಚೀಟಿಗೆ ಒಂದು ಪುಸ್ತಕ ತುಂಬುತ್ತಿತ್ತು. ಹಾಗೆ ತುಂಬಿದ ಪುಸ್ತಕಗಳನ್ನು ಕಂಪನಿಯ ಮಳಿಗೆಗೆ ಒಯ್ದರೆ ದೀಪ, ಇಸ್ತ್ರಿಪೆಟ್ಟಿಗೆ, ತಟ್ಟೆ ಲೋಟಗಳ ಸೆಟ್ಟು, ಏನಾದರೊಂದು ಸಿಗುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಸೂಪರ್ ಮಾರ್ಕೆಟ್ಟುಗಳು ಹೆಚ್ಚಿದ ಕಾಲದಲ್ಲಿ ಇದು ಮನೆಮನೆಯ ಮಾತಾಯಿತು. 1960ರ ದಶಕದಲ್ಲಿ ಈ ಕಂಪನಿ ಅಮೆರಿಕದ ಅಂಚೆ ಇಲಾಖೆ ಮುದ್ರಿಸುವುದಕ್ಕಿಂತ ಮೂರು ಪಟ್ಟು ಹೆಚ್ಚು ಚೀಟಿ ಮುದ್ರಿಸುತ್ತಿತ್ತು ಎನ್ನುತ್ತಾರೆ. 1962ರಲ್ಲಿ ಆಂಡಿ ವಾರ್ಹಾಲ್ ಈ ಹಸಿರು ಚೀಟಿಗಳನ್ನೇ ಸಾಲುಸಾಲಾಗಿ ಚಿತ್ರವಾಗಿಸಿದ.

ಇದರ ಒಳಗಿನ ಲೆಕ್ಕ ಸರಳ. ಚೀಟಿಗಳಿಗಾಗಿ ಅಂಗಡಿಯವನಿಗೆ ವ್ಯಾಪಾರದ ಶೇಕಡಾ 2ರಷ್ಟು ಖರ್ಚು ಬೀಳುತ್ತಿತ್ತು. ಊರಿನಲ್ಲಿ ಒಬ್ಬನೇ ಚೀಟಿ ಕೊಡುವಾಗ ಅವನಿಗೆ ಹೊಸ ಗಿರಾಕಿಗಳು ಬಂದು ಆ ಖರ್ಚು ಮರಳಿ ಬರುತ್ತದೆ. ಎದುರು ಅಂಗಡಿಯವನೂ ಕೊಡಲು ಶುರುಮಾಡಿದ ಮೇಲೆ ಯಾರಿಗೂ ಹೊಸ ಗಿರಾಕಿ ಇಲ್ಲ, ಖರ್ಚು ಮಾತ್ರ ಇಬ್ಬರಿಗೂ ಉಳಿಯುತ್ತದೆ. ನಿಲ್ಲಿಸಲು ಇಬ್ಬರಿಗೂ ಭಯ. ಕೊನೆಗೆ ಆ ಎರಡು ಪೈಸೆ ಹಾಲು, ಬ್ರೆಡ್ಡಿನ ಬೆಲೆಯೊಳಗೆ ಹೋಗಿ ಕೂರುತ್ತದೆ. ಚೀಟಿ ಅಂಟಿಸುವ ಮನೆಯವರೂ ಅದನ್ನು ತೆರುತ್ತಾರೆ, ಅಂಟಿಸಲು ಪುರುಸೊತ್ತಿಲ್ಲದವರೂ ತೆರುತ್ತಾರೆ. ಇಸ್ತ್ರಿಪೆಟ್ಟಿಗೆ ಸಿಗುವುದು ಮೊದಲನೆಯವರಿಗೆ ಮಾತ್ರ.

ಇದು ಆಗಿನ ಗೃಹಿಣಿಯರಿಗೆ ಅರ್ಥವಾಗದೆ ಇರಲಿಲ್ಲ. 1966ರಲ್ಲಿ ಡೆನ್ವರ್ ನಗರದ ಹೆಂಗಸರು ಸೂಪರ್ ಮಾರ್ಕೆಟ್ಟುಗಳ ಬಾಗಿಲಲ್ಲಿ ನಿಂತು ಬಹಿಷ್ಕಾರ ಹೂಡಿದರು. ಚೀಟಿ, ಆಟ, ಲಾಟರಿ ಎಲ್ಲ ನಿಲ್ಲಿಸಿ, ಬೆಲೆ ಇಳಿಸಿ ಎಂಬುದು ಅವರ ಬೇಡಿಕೆ. ಅದು ಬೇರೆ ನಗರಗಳಿಗೂ ಹರಡಿತು. 1970ರ ದಶಕದ ಬೆಲೆಯೇರಿಕೆಯ ಹೊತ್ತಿಗೆ ಒಂದೊಂದೇ ಅಂಗಡಿ ಚೀಟಿಯನ್ನು ಕೈಬಿಟ್ಟಿತು. ಹಸಿರು ಚೀಟಿಯ ಕಾಲ ಮುಗಿಯುತ್ತಾ ಬಂದಿತ್ತು. ಅದರ ಉಪಾಯ ಮಾತ್ರ ಮುಗಿಯಲಿಲ್ಲ, ವಿಮಾನ ಹತ್ತಿತು.

*

1938ರಿಂದ 1978ರವರೆಗೆ ಅಮೆರಿಕದಲ್ಲಿ ಯಾವ ವಿಮಾನ ಎಲ್ಲಿಗೆ ಹಾರಬೇಕು, ಎಷ್ಟು ದರ ಎಂಬುದನ್ನು ಸರ್ಕಾರದ ಒಂದು ಮಂಡಳಿ ನಿರ್ಧರಿಸುತ್ತಿತ್ತು. ದರ ಎಲ್ಲರದೂ ಒಂದೇ ಆದ್ದರಿಂದ ಕಂಪನಿಗಳು ಊಟ, ಉಪಚಾರದಲ್ಲಿ ಪೈಪೋಟಿ ಮಾಡುತ್ತಿದ್ದವು. 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಈ ಹಿಡಿತವನ್ನು ಸಡಿಲಿಸುವ ಕಾಯ್ದೆಗೆ ಸಹಿ ಹಾಕಿದರು. ಹೊಸ ಕಂಪನಿಗಳು ಕಡಿಮೆ ದರದಲ್ಲಿ ಹಾರತೊಡಗಿದವು. ಹಳೆಯ ದೊಡ್ಡ ಕಂಪನಿಗಳಿಗೆ, ಪದೇ ಪದೇ ಓಡಾಡುವ ಪ್ರಯಾಣಿಕನನ್ನು ಹೇಗಾದರೂ ಹಿಡಿದಿಟ್ಟುಕೊಳ್ಳಬೇಕಾಯಿತು.

ಅಂಥವರು ಯಾರು ಎಂದು ಕಂಡುಹಿಡಿಯುವುದು ಹೇಗೆ? ಅಮೆರಿಕನ್ ಏರ್‌ಲೈನ್ಸ್ ಕೈಯಲ್ಲಿ ಇದಕ್ಕೊಂದು ಸಾಧನವಿತ್ತು. ಅದು ಐಬಿಎಂ ಜೊತೆ ಸೇರಿ ಕಟ್ಟಿದ್ದ ಸೇಬರ್ ಎಂಬ ಟಿಕೆಟ್ ಕಾಯ್ದಿರಿಸುವ ಕಂಪ್ಯೂಟರ್ ವ್ಯವಸ್ಥೆ 1960ರ ದಶಕದಿಂದ ಕೆಲಸ ಮಾಡುತ್ತಿತ್ತು. ಯಾವ ಫೋನ್ ನಂಬರ್ ಮತ್ತೆ ಮತ್ತೆ ಬರುತ್ತಿದೆ ಎಂದು ಅದರಲ್ಲಿ ಹುಡುಕಿ, ಆ ಪ್ರಯಾಣಿಕರ ಪಟ್ಟಿ ಮಾಡಿದರು. 1981ರ ಮೇ 1ರಂದು ಎಅಡ್ವಾಂಟೇಜ್ ಎಂಬ ಯೋಜನೆ ಶುರುವಾಯಿತು: ಹಾರಿದ ಮೈಲಿಗೆ ಲೆಕ್ಕ, ಇಂತಿಷ್ಟು ಮೈಲಿಗೆ ಪುಕ್ಕಟೆ ಟಿಕೆಟ್. ಟೆಕ್ಸಾಸ್ ಇಂಟರ್‌ನ್ಯಾಷನಲ್ ಎಂಬ ಸಣ್ಣ ಕಂಪನಿ 1979ರಲ್ಲಿಯೇ ಇಂಥದ್ದನ್ನು ಮಾಡಿತ್ತು ಎನ್ನುವವರಿದ್ದಾರೆ. ದೊಡ್ಡ ಮಟ್ಟದಲ್ಲಿ, ಕಂಪ್ಯೂಟರಿನ ಲೆಕ್ಕದೊಂದಿಗೆ ಬಂದದ್ದು ಇದು. ಕೆಲವೇ ದಿನಗಳಲ್ಲಿ ಯುನೈಟೆಡ್ ತನ್ನ ಮೈಲೇಜ್ ಪ್ಲಸ್ ತಂದಿತು. ಎದುರು ಅಂಗಡಿಯವನ ಹಳೆಯ ಕಥೆ ಮತ್ತೆ ಶುರು.

ಇಲ್ಲಿ ಎರಡು ಸಂಗತಿ ಬದಲಾದವು. ಒಂದು, ನೆಕ್ಕಿ ಅಂಟಿಸುವ ಶ್ರಮ ಹೋಯಿತು. ಲೆಕ್ಕ ಇಡುವುದು ಕಂಪ್ಯೂಟರ್, ಪ್ರಯಾಣಿಕ ಸುಮ್ಮನೆ ಕೂತು ಹಾರಿದರೆ ಸಾಕು. ಎರಡನೆಯದು ಇನ್ನೂ ಮುಖ್ಯ. ಪದೇ ಪದೇ ಹಾರುವವನು ಹೆಚ್ಚಾಗಿ ಕೆಲಸದ ಮೇಲೆ ಹಾರುವವನು. ಅವನ ಟಿಕೆಟ್ಟಿನ ದುಡ್ಡು ಕೊಡುವುದು ಅವನ ಕಂಪನಿ. ಮೈಲು ಸಿಗುವುದು ಅವನಿಗೆ. ಹೆಚ್ಚಿನ ದರದ ಟಿಕೆಟ್ ಕೊಂಡರೂ ಅವನ ಜೇಬಿಗೆ ಕತ್ತರಿಯಿಲ್ಲ, ಮೈಲು ಮಾತ್ರ ತನ್ನ ಹೆಸರಿಗೆ. ಮನೆಯ ಯಜಮಾನನ ದುಡ್ಡಿನಲ್ಲಿ ಸಂತೆಗೆ ಹೋದ ಆಳು, ಕೊಸರನ್ನು ತನ್ನ ಮನೆಗೆ ಕಳಿಸಿದ ಹಾಗೆ.

ಹಾಗಾದರೆ ಆ ಮೈಲು ಯಾರದು? ಈ ಪ್ರಶ್ನೆ ಜರ್ಮನಿಯಲ್ಲಿ ದೊಡ್ಡ ಗದ್ದಲವನ್ನೇ ಎಬ್ಬಿಸಿತು. 2002ರ ಬೇಸಿಗೆಯಲ್ಲಿ, ಸಂಸದರು ಅಧಿಕೃತ ಪ್ರಯಾಣದಲ್ಲಿ ಗಳಿಸಿದ ಮೈಲುಗಳನ್ನು ಸ್ವಂತ ಪ್ರವಾಸಕ್ಕೆ ಬಳಸಿದ್ದಾರೆ ಎಂದು ಬಿಲ್ಡ್ ಪತ್ರಿಕೆ ಒಬ್ಬೊಬ್ಬರ ಹೆಸರನ್ನೇ ಹೊರಹಾಕಿತು. ಎಡಪಕ್ಷದ ನಾಯಕ ಗ್ರೆಗೋರ್ ಗಿಸಿ ಬರ್ಲಿನ್ ರಾಜ್ಯದ ಆರ್ಥಿಕ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಹಸಿರು ಪಕ್ಷದ ಜೆಮ್ ಓಜ್ಡೆಮಿರ್ ಕೂಡ ಹಿಂದೆ ಸರಿದರು. ಇವರೇ ಮುಂದೆ 2021ರಲ್ಲಿ ಜರ್ಮನಿಯ ಕೃಷಿ ಸಚಿವರಾದರು. ಅಮೆರಿಕದಲ್ಲಿ ಅದಕ್ಕೆ ತದ್ವಿರುದ್ಧ. ಅಲ್ಲಿ ಸರ್ಕಾರಿ ನೌಕರರ ಮೈಲು ಸರ್ಕಾರದ್ದು ಎಂಬ ನಿಯಮವಿತ್ತು. 2001ರ ಡಿಸೆಂಬರ್ ಕೊನೆಯಲ್ಲಿ ಕಾನೂನು ಬದಲಿಸಿ, ನೌಕರರೇ ಇಟ್ಟುಕೊಳ್ಳಬಹುದು ಎಂದರು. ನಮ್ಮ ಕೇಂದ್ರ ಸರ್ಕಾರದ ಆದೇಶ ಜರ್ಮನ್ನರ ಕಡೆಗಿದೆ: ಸರ್ಕಾರಿ ಖರ್ಚಿನ ಪ್ರಯಾಣದಲ್ಲಿ ಬಂದ ಮೈಲುಗಳನ್ನು ಇಲಾಖೆಯ ಮುಂದಿನ ಪ್ರಯಾಣಕ್ಕೇ ಬಳಸಬೇಕು.

ಇದನ್ನು ಓದುವಾಗ ನನ್ನ ಎದೆ ಒಂದು ಸಲ ಡವಗುಟ್ಟಿತು. ನನ್ನ ದೆಹಲಿ ಟಿಕೆಟ್ಟಿನ ಪಾಯಿಂಟುಗಳೆಲ್ಲ ನನ್ನ ಖರ್ಚಿನಿಂದ ಬಂದವಲ್ಲ. ಫೆಲೋಶಿಪ್ಪಿನಲ್ಲಿ ಬದುಕುವವಳು ಎಷ್ಟು ಖರ್ಚು ಮಾಡಿಯಾಳು? ಅದರ ಹಿಂದಿನ ವರ್ಷ ನಮ್ಮ ವಿಭಾಗದಲ್ಲಿ ಒಂದು ವಿಚಾರ ಸಂಕಿರಣ ನಡೆದಿತ್ತು. ಆರು ಜನ ಅತಿಥಿಗಳ ವಿಮಾನ ಟಿಕೆಟ್, ಹೋಟೆಲ್ ಕೋಣೆ ಎಲ್ಲವನ್ನೂ ನನ್ನ ಕಾರ್ಡಿನಲ್ಲಿ ಕಾಯ್ದಿರಿಸಿ, ಬಿಲ್ಲು ಕೊಟ್ಟು, ವಿಶ್ವವಿದ್ಯಾಲಯದಿಂದ ದುಡ್ಡು ವಾಪಸು ಪಡೆದಿದ್ದೆ. ಪಾಯಿಂಟು ನನ್ನಲ್ಲೇ ಉಳಿದವು. ಮಾರ್ಗದರ್ಶಕಿಯವರ ಹತ್ತಿರ ಹೇಳಿಕೊಂಡೆ. ಅವರು ನಕ್ಕು, "ಬಿಲ್ಲು ಪಾಸಾಗೋಕೆ ನಾಲ್ಕು ತಿಂಗಳಾಯ್ತು. ಅಷ್ಟು ದಿನ ನೀನು ಸಾಲ ಮಾಡಿ ಕಾರ್ಡಿನ ಬಿಲ್ಲು ಕಟ್ಟಿದ್ದೆ. ಅದರ ಬಡ್ಡಿ ಯಾರು ಕೊಟ್ರು?" ಎಂದು ಕೇಳಿದರು. ಅದೂ ನಿಜವೇ. ಕಾರ್ಡಿನ ಬಿಲ್ಲು ಬಾಕಿ ಬೀಳದಿರಲಿ ಎಂದು ಗೆಳತಿಯರಿಂದ ಸಾಲ ಪಡೆದಿದ್ದೆ, ಅವರು ಬಡ್ಡಿ ಕೇಳಲಿಲ್ಲ. ಅಂದರೆ ನನ್ನ ಕೊಸರಿನಲ್ಲಿ ವಿಶ್ವವಿದ್ಯಾಲಯದ ಪಾಲೂ ಇತ್ತು, ಗೆಳತಿಯರ ಪಾಲೂ ಇತ್ತು.

*

ಶ್ರಮವಿಲ್ಲದೆ ಗಳಿಸುವುದು ಎಂಬ ಮಾತು ಬಂದಾಗ ನನಗೆ ಎರಡು ಘಟನೆ ನೆನಪಾಗುತ್ತವೆ.

1999ರಲ್ಲಿ ಅಮೆರಿಕದ ಒಂದು ಆಹಾರ ಕಂಪನಿ, ತನ್ನ ಹತ್ತು ಪೊಟ್ಟಣಗಳ ಲೇಬಲ್ ಕಳಿಸಿದರೆ 500 ಮೈಲು, ಬೇಗ ಕಳಿಸಿದರೆ ಅದರ ಎರಡರಷ್ಟು ಎಂದು ಘೋಷಿಸಿತು. ಕ್ಯಾಲಿಫೋರ್ನಿಯಾದ ಒಬ್ಬ ಸಿವಿಲ್ ಎಂಜಿನಿಯರ್ ಆ ಕಂಪನಿಯ ಅತಿ ಅಗ್ಗದ ತಿನಿಸು ಯಾವುದು ಎಂದು ಹುಡುಕಿದ. ಕಾಲು ಡಾಲರಿನ ಪುಡಿಂಗ್ ಕಪ್ಪು ಸಿಕ್ಕಿತು. ಅಂಗಡಿಯಿಂದ ಅಂಗಡಿಗೆ ಅಲೆದು 12,150 ಕಪ್ಪು ಕೊಂಡ, ಖರ್ಚಾದದ್ದು ಸುಮಾರು 3,140 ಡಾಲರ್. ಸಿಕ್ಕ ಮೈಲುಗಳು 12 ಲಕ್ಷಕ್ಕೂ ಹೆಚ್ಚು. ಆದರೆ ಅಷ್ಟು ಲೇಬಲ್ ಕಿತ್ತು ಕಳಿಸುವುದು ಯಾರು? ಪುಡಿಂಗನ್ನು ಒಂದು ಧರ್ಮಾರ್ಥ ಸಂಸ್ಥೆಗೆ ದಾನ ಮಾಡಿ, ಲೇಬಲ್ಲುಗಳನ್ನು ಕಿತ್ತುಕೊಡಿ ಎಂದು ಅಲ್ಲಿನ ಸ್ವಯಂಸೇವಕರನ್ನು ಕೇಳಿಕೊಂಡ. ದಾನಕ್ಕೆ ತೆರಿಗೆ ವಿನಾಯಿತಿಯೂ ಬಂತು. 2002ರಲ್ಲಿ ಬಂದ 'ಪಂಚ್ ಡ್ರಂಕ್ ಲವ್' ಸಿನಿಮಾದ ನಾಯಕ ಪುಡಿಂಗ್ ಕೊಳ್ಳುವುದು ಈ ಕಥೆಯಿಂದಲೇ. ಎಲ್ಲರೂ ಆ ಮನುಷ್ಯನ ಜಾಣತನವನ್ನು ಕೊಂಡಾಡುತ್ತಾರೆ. ನನಗೆ ಆ ಕಥೆಯಲ್ಲಿ ಕಾಣುವುದು ಉಗುರಿನಿಂದ ಲೇಬಲ್ ಕೆರೆಯುತ್ತಾ ಕೂತ ಸ್ವಯಂಸೇವಕರು.

ಇನ್ನೊಂದು ಘಟನೆ ಸರ್ಕಾರವೇ ತೆರೆದಿಟ್ಟ ಬಾಗಿಲಿನದು. ಒಂದು ಡಾಲರಿನ ನಾಣ್ಯ ಜನರಲ್ಲಿ ಬಳಕೆಗೆ ಬರಲಿ ಎಂದು ಅಮೆರಿಕದ ಟಂಕಸಾಲೆ 2008ರಿಂದ ನಾಣ್ಯದ ಪೆಟ್ಟಿಗೆಗಳನ್ನು ಮುಖಬೆಲೆಗೇ ಮನೆಗೆ ಕಳಿಸತೊಡಗಿತು. ಸಾಗಾಟದ ಖರ್ಚು ಸರ್ಕಾರದ್ದು, ಕ್ರೆಡಿಟ್ ಕಾರ್ಡಿನಲ್ಲೂ ದುಡ್ಡು ಕಟ್ಟಬಹುದಿತ್ತು. ಮೈಲುಗಳ ಹುಚ್ಚಿದ್ದವರು ಸಾವಿರಗಟ್ಟಲೆ ನಾಣ್ಯ ತರಿಸಿದರು. ಪೆಟ್ಟಿಗೆಯನ್ನೂ ಬಿಚ್ಚದೆ ಬ್ಯಾಂಕಿಗೆ ಹೊತ್ತು, ಖಾತೆಗೆ ಕಟ್ಟಿ, ಅದೇ ದುಡ್ಡಿನಲ್ಲಿ ಕಾರ್ಡಿನ ಬಿಲ್ಲು ತೀರಿಸಿದರು. ಕೈಯಿಂದ ಒಂದು ಸೆಂಟೂ ಹೋಗಲಿಲ್ಲ, ಮೈಲು ಮಾತ್ರ ಬಂದವು. 2011ರಲ್ಲಿ ಟಂಕಸಾಲೆ ಕಾರ್ಡಿನ ಬಾಗಿಲು ಮುಚ್ಚಿತು. ಸಾಗಾಟದ ಖರ್ಚು ಅಷ್ಟರಲ್ಲಿ ಆಗಿಹೋಗಿತ್ತು, ಕೊಟ್ಟವರು ಸರ್ಕಾರಕ್ಕೆ ದುಡ್ಡು ತುಂಬುವ ಎಲ್ಲರೂ.

*

ನಾಣ್ಯದ ಪೆಟ್ಟಿಗೆ ಹೊತ್ತವರದು ಇನ್ನೂ ಸ್ವಲ್ಪ ಶ್ರಮವೇ. ನಮ್ಮಂಥವರದು ಅದೂ ಇಲ್ಲ. ಇದಕ್ಕೆ ದಾರಿಯಾದದ್ದು 1987. ಆ ವರ್ಷ ಅಮೆರಿಕನ್ ಏರ್‌ಲೈನ್ಸ್ ಮತ್ತು ಸಿಟಿ ಬ್ಯಾಂಕ್ ಸೇರಿ ಒಂದು ಕ್ರೆಡಿಟ್ ಕಾರ್ಡ್ ತಂದವು: ಒಂದು ಡಾಲರ್ ಖರ್ಚಿಗೆ ಒಂದು ಮೈಲು. ಇನ್ನು ಹಾರುವ ಅಗತ್ಯವೂ ಇಲ್ಲ, ತರಕಾರಿ ಕೊಂಡರೂ ಮೈಲು ಬರುತ್ತದೆ. ಬ್ಯಾಂಕು ಆ ಮೈಲುಗಳನ್ನು ವಿಮಾನ ಕಂಪನಿಯಿಂದ ಸಗಟಾಗಿ ದುಡ್ಡು ಕೊಟ್ಟು ಕೊಳ್ಳುತ್ತದೆ. ವಿಮಾನ ಕಂಪನಿಗಳು ಸೀಟಿನ ಜೊತೆಗೆ ಮೈಲನ್ನೂ ಮಾರತೊಡಗಿದವು.

ಬ್ಯಾಂಕಿಗೆ ದುಡ್ಡು ಎಲ್ಲಿಂದ? ಅಪ್ಪ ಕೇಳಿದ ಪ್ರಶ್ನೆಗೆ ಇಲ್ಲಿ ಉತ್ತರವಿತ್ತು. ಕಾರ್ಡ್ ಉಜ್ಜಿದಾಗಲೆಲ್ಲ ಅಂಗಡಿಯವನಿಗೆ ಪೂರ್ತಿ ದುಡ್ಡು ಸೇರುವುದಿಲ್ಲ. ನೂರಕ್ಕೆ ಒಂದೂವರೆಯೋ ಎರಡೋ ಮುರಿದುಕೊಂಡು ಉಳಿದದ್ದು ಸೇರುತ್ತದೆ. ಆ ಮುರಿದುಕೊಂಡದ್ದರಲ್ಲಿ ದೊಡ್ಡ ಪಾಲು ಕಾರ್ಡ್ ಕೊಟ್ಟ ಬ್ಯಾಂಕಿಗೆ, ಅದರಲ್ಲೊಂದು ಪಾಲು ಪಾಯಿಂಟಾಗಿ ಗಿರಾಕಿಗೆ. ಹಸಿರು ಚೀಟಿಗೆ ಅಂಗಡಿಯವನು ಕೊಡುತ್ತಿದ್ದುದೂ ನೂರಕ್ಕೆ ಎರಡೇ. ನಾಲಿಗೆಯ ಕೆಲಸವೊಂದು ತಪ್ಪಿದೆ, ಅಷ್ಟೇ.

ಅಂಗಡಿಯವನು ಈ ಖರ್ಚನ್ನು ಬೆಲೆಯಲ್ಲಿ ಸೇರಿಸುತ್ತಾನೆ. ಕಾರ್ಡಿಗೊಂದು, ನಗದಿಗೊಂದು ಬೆಲೆ ಇಡುವುದಿಲ್ಲ. ಹಾಗಾಗಿ ನೋಟು ಎಣಿಸಿ ಕೊಡುವವರೂ ಅದೇ ಬೆಲೆ ಕೊಡುತ್ತಾರೆ, ಪಾಯಿಂಟು ಮಾತ್ರ ಅವರಿಗಿಲ್ಲ. 2010ರಲ್ಲಿ ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು ಇದರ ಲೆಕ್ಕ ಹಾಕಿದರು. ಅವರ ಅಂದಾಜಿನಂತೆ, ನಗದು ಬಳಸುವ ಸರಾಸರಿ ಅಮೆರಿಕನ್ ಕುಟುಂಬ ಕಾರ್ಡು ಬಳಸುವವರಿಗೆ ವರ್ಷಕ್ಕೆ 149 ಡಾಲರ್ ದಾಟಿಸುತ್ತಿತ್ತು, ಕಾರ್ಡು ಬಳಸುವ ಕುಟುಂಬ 1,133 ಡಾಲರ್ ಪಡೆಯುತ್ತಿತ್ತು. ಬಡವರ ಕೈಯಲ್ಲಿ ನಗದು, ಉಳ್ಳವರ ಕೈಯಲ್ಲಿ ಕಾರ್ಡು ಹೆಚ್ಚಿರುವುದರಿಂದ ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂದು ಬೇರೆ ಹೇಳಬೇಕಿಲ್ಲ. 2023ರ ಇನ್ನೊಂದು ಅಧ್ಯಯನ ಕಾರ್ಡು ಬಳಸುವವರೊಳಗೇ ಇರುವ ಭೇದವನ್ನು ನೋಡಿತು. ಬಿಲ್ಲನ್ನು ಪೂರ್ತಿ ಕಟ್ಟದೆ ಬಡ್ಡಿಗೆ ಬಿದ್ದವರು, ಪೂರ್ತಿ ಕಟ್ಟಿ ಪಾಯಿಂಟು ಪಡೆಯುವವರನ್ನು ಸಾಕುತ್ತಿದ್ದಾರೆ. ಹೀಗೆ ಕಡಿಮೆ ಓದಿದವರಿಂದ ಹೆಚ್ಚು ಓದಿದವರಿಗೆ, ಬಡವರಿಂದ ಉಳ್ಳವರಿಗೆ ಹರಿಯುವುದು ವರ್ಷಕ್ಕೆ ಸುಮಾರು 1,500 ಕೋಟಿ ಡಾಲರ್ ಎಂಬುದು ಅದರ ಅಂದಾಜು.

ಇದನ್ನು ತಡೆಯಲು ಸಾಧ್ಯವಿಲ್ಲವೆಂದೇನಲ್ಲ. ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕ್ 2003ರಲ್ಲಿ ಕಾರ್ಡ್ ಕೊಟ್ಟ ಬ್ಯಾಂಕಿನ ಪಾಲನ್ನು ಇಳಿಸಿತು, ಅದರ ಹಿಂದೆಯೇ ಪಾಯಿಂಟುಗಳೂ ಸೊರಗಿದವು. ಐರೋಪ್ಯ ಒಕ್ಕೂಟ 2015ರಲ್ಲಿ ಆ ಪಾಲಿಗೆ ಡೆಬಿಟ್ ಕಾರ್ಡಿನಲ್ಲಿ ಶೇಕಡಾ 0.2, ಕ್ರೆಡಿಟ್ ಕಾರ್ಡಿನಲ್ಲಿ 0.3ರ ಮಿತಿ ಹಾಕಿತು. ನಮ್ಮಲ್ಲಿ ಅರ್ಧ ದಾರಿ ಆಗಿದೆ. ಡೆಬಿಟ್ ಕಾರ್ಡಿಗೆ ರಿಸರ್ವ್ ಬ್ಯಾಂಕಿನ ಮಿತಿ ಇದೆ, 2020ರ ಜನವರಿಯಿಂದ ಯುಪಿಐಗೆ ಅಂಗಡಿಯವನು ಏನೂ ಕೊಡಬೇಕಿಲ್ಲ. ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿಯಿಲ್ಲ. ನಮ್ಮ ಪಾಯಿಂಟುಗಳೆಲ್ಲ ಹುಟ್ಟುವುದು ಅಲ್ಲಿಯೇ.

*

ಇಷ್ಟೆಲ್ಲ ಗೊತ್ತಾದ ಮೇಲೂ ಪಾಯಿಂಟುಗಳನ್ನು ಕೂಡಿಟ್ಟು ಚಿನ್ನದಂತೆ ಕಾಯುವವರಿದ್ದಾರೆ. ಅವರಿಗೂ ಚರಿತ್ರೆಯಲ್ಲಿ ಪಾಠವಿದೆ. 2020ರ ಕೊರೋನಾ ಕಾಲದಲ್ಲಿ ವಿಮಾನಗಳು ನೆಲ ಹಿಡಿದಾಗ ಯುನೈಟೆಡ್ ತನ್ನ ಮೈಲು ಯೋಜನೆಯನ್ನು ಅಡವಿಟ್ಟು 680 ಕೋಟಿ ಡಾಲರ್ ಎತ್ತಿತು. ಆ ಯೋಜನೆಗೆ ಕಟ್ಟಿದ ಬೆಲೆ 2,190 ಕೋಟಿ ಡಾಲರ್. ಷೇರುಪೇಟೆಯಲ್ಲಿ ಆಗ ಇಡೀ ಕಂಪನಿಗಿದ್ದ ಬೆಲೆಯೇ ಅದಕ್ಕಿಂತ ಕಡಿಮೆಯಿತ್ತು. ಮರುವರ್ಷ ಅಮೆರಿಕನ್ ಏರ್‌ಲೈನ್ಸ್ ಇದೇ ರೀತಿ 1,000 ಕೋಟಿ ಡಾಲರ್ ತಂದಿತು. ವಿಮಾನಕ್ಕಿಂತ ಮೈಲಿಗೇ ಬೆಲೆ ಹೆಚ್ಚಾಗಿತ್ತು.

ನಮ್ಮಲ್ಲೂ ಇಂಥದ್ದನ್ನು ಕಂಡಿದ್ದೇವೆ. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ಹಾರಾಟ ನಿಂತಿತು. ಆದರೆ ಅದರ ಜೆಟ್ ಪ್ರಿವಿಲೇಜ್ ಯೋಜನೆ ಬೇರೆ ಕಂಪನಿಯಾಗಿದ್ದರಿಂದ ಉಳಿದುಕೊಂಡು, ಅದೇ ವರ್ಷ ಇಂಟರ್‌ಮೈಲ್ಸ್ ಎಂದು ಹೆಸರು ಬದಲಿಸಿಕೊಂಡಿತು. ಬೆಂಗಳೂರಿನದೇ ಆದ ಕಿಂಗ್‌ಫಿಷರ್‌ನ ಕಥೆ ಬೇರೆ. 2012ರ ಅಕ್ಟೋಬರ್‌ನಲ್ಲಿ ಅದು ನೆಲಕಚ್ಚಿದಾಗ ಕಿಂಗ್ ಕ್ಲಬ್ಬಿನ ಮೈಲುಗಳೂ ಅದರೊಂದಿಗೆ ಹೋದವು. ಕಂಪನಿ ಮುಳುಗಲೇಬೇಕೆಂದಿಲ್ಲ, ಪಾಯಿಂಟಿನ ಬೆಲೆಯನ್ನು ಅದು ತನಗೆ ಬೇಕೆಂದಾಗ ಇಳಿಸಬಹುದು. ಇಂತಿಷ್ಟು ಮೈಲಿಗೆ ಇಂಥ ಊರು ಎಂಬ ಪಟ್ಟಿಯನ್ನೇ ಡೆಲ್ಟಾ 2015ರಲ್ಲಿ ತೆಗೆದುಹಾಕಿತು. ಅದು ಅವರೇ ಅಚ್ಚು ಹಾಕುವ ನೋಟು. ಅದರ ಬೆಲೆ ಬಿದ್ದರೆ ದೂರು ಕೊಡಲು ರಿಸರ್ವ್ ಬ್ಯಾಂಕು ಇಲ್ಲ.

ಹೀಗಾಗಿ ನನ್ನ ಪದ್ಧತಿ ಈಗ ಬಹಳ ಸಣ್ಣದು. ಒಂದೇ ಕಾರ್ಡು, ಅದಕ್ಕೆ ವಾರ್ಷಿಕ ಶುಲ್ಕವಿಲ್ಲ. ಬಿಲ್ಲು ಪ್ರತಿ ತಿಂಗಳು ಖಾತೆಯಿಂದ ತಾನಾಗಿಯೇ ಪೂರ್ತಿ ಕಟ್ಟಿಹೋಗುತ್ತದೆ. ನೂರು ರೂಪಾಯಿ ಖರ್ಚಿಗೆ ಬರುವ ಪಾಯಿಂಟಿನ ಬೆಲೆ ಹೆಚ್ಚೆಂದರೆ ಒಂದೆರಡು ರೂಪಾಯಿ. ಬಾಕಿ ಉಳಿಸಿದರೆ ಒಂದೇ ತಿಂಗಳಿಗೆ ಮೂರು ರೂಪಾಯಿಗೂ ಹೆಚ್ಚು ಬಡ್ಡಿ. ಆಮೇಲೆ ಪಾಯಿಂಟಿನ ಮಾತೇ ಇಲ್ಲ. ಒಂದೇ ವಿಮಾನ ಯೋಜನೆಯಲ್ಲಿ ಸದಸ್ಯತ್ವ. ಸೀಟು ಇದೆಯೇ ಎಂದು ನೋಡಿದ ಮೇಲೆಯೇ ಕಾರ್ಡಿನ ಪಾಯಿಂಟನ್ನು ಅಲ್ಲಿಗೆ ದಾಟಿಸುವುದು, ಒಮ್ಮೆ ದಾಟಿಸಿದರೆ ಅವು ವಾಪಸು ಬರುವುದಿಲ್ಲ. ಒಂದು ಪ್ರಯಾಣಕ್ಕೆ ಸಾಕಾದ ಕೂಡಲೇ ಖರ್ಚು ಮಾಡುವುದು, ಹಬ್ಬಕ್ಕೆಂದು ಇಟ್ಟ ಹಾಲು ಒಡೆಯುವ ಮೊದಲು ಕುಡಿದ ಹಾಗೆ. ಪಾಯಿಂಟಿಗಾಗಿ ಏನನ್ನೂ ಕೊಳ್ಳುವುದಿಲ್ಲ. ವರ್ಷಕ್ಕೆ ಒಂದು ಗಂಟೆಯೂ ಇದಕ್ಕೆ ಬೇಕಾಗಿಲ್ಲ. ಕಾರ್ಡನ್ನು ರೈಲ್ವೆ, ವಿಮಾನ, ದೊಡ್ಡ ಪುಸ್ತಕ ಮಳಿಗೆಗಳಲ್ಲಿ ತೆಗೆಯುತ್ತೇನೆ. ಬೀದಿಯ ಅಂಗಡಿಯಲ್ಲಿ ಯುಪಿಐ, ಇಲ್ಲವೇ ನಗದು. ವಿಭಾಗದ ಟಿಕೆಟ್ಟುಗಳನ್ನು ಈಗ ಕಚೇರಿಯವರೇ ಕಾಯ್ದಿರಿಸಲಿ ಎಂದು ಹೇಳಿದ್ದೇನೆ. ಇದರಿಂದ ಅಮೆರಿಕದ 1,500 ಕೋಟಿ ಡಾಲರ್ ವಾಪಸು ಬರುವುದಿಲ್ಲ, ಗೊತ್ತಿದೆ.

ಬೀದಿಯ ಅಂಗಡಿಯ ನಿಯಮ ಬಂದದ್ದು ಅಪ್ಪನಿಂದ. ದೆಹಲಿಯಿಂದ ಬಂದ ಮೇಲೆ ಯುಗಾದಿಗೆ ಊರಿಗೆ ಹೋಗಿದ್ದೆ. ಗಲ್ಲಾಪೆಟ್ಟಿಗೆಯ ಪಕ್ಕ ಕಾರ್ಡ್ ಉಜ್ಜುವ ಮೆಷಿನ್ನು ಧೂಳು ಹಿಡಿದು ಕೂತಿತ್ತು. 2016ರ ನೋಟು ರದ್ದಿನ ನಂತರ ತಂದದ್ದು. ಈಗ ಹೆಚ್ಚಿನವರು ಫೋನಿನಲ್ಲೇ ಕೊಡುತ್ತಾರೆ, ಮದುವೆ ದಿನಸಿಯಂಥ ದೊಡ್ಡ ಬಿಲ್ಲಿಗೆ ಮಾತ್ರ ಯಾರಾದರೂ ಕಾರ್ಡ್ ತೆಗೆಯುತ್ತಾರೆ.

ನಾನು ಓದಿದ್ದನ್ನೆಲ್ಲ ಹೇಳಿದೆ. ಅಪ್ಪನಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ.

"ಅಕ್ಕಿ ಮೂಟೆ ಮೇಲೆ ನಮಗೆ ಉಳಿಯೋದೇ ನೂರಕ್ಕೆ ಮೂರೋ ನಾಲ್ಕೋ. ಅದರಲ್ಲಿ ಎರಡು ಮೆಷಿನ್ನು ತಿಂದುಬಿಡುತ್ತೆ. ಬೇಡ ಅಂದ್ರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ. ಏನ್ಮಾಡೋದು, ಬೇಳೆ ಮೇಲೆ ಎರಡು ರೂಪಾಯಿ ಜಾಸ್ತಿ ಹಾಕೋದು."

"ಆ ಬೇಳೆನ ಯಾರು ತಗೊಂಡು ಹೋಗ್ತಾರಪ್ಪ?"

"ಎಲ್ಲಾರೂ ತಗೊಂಡು ಹೋಗ್ತಾರೆ. ತೆಂಗಿನಕಾಯಿ ಸುಲಿಯೋರೂ ತಗೊಂಡು ಹೋಗ್ತಾರೆ."

ಅಷ್ಟರಲ್ಲಿ ಒಬ್ಬ ಹುಡುಗ ಕಾಲು ಕೆಜಿ ಬೆಲ್ಲಕ್ಕೆ ಬಂದ. ಅಪ್ಪ ತೂಗಿ ಪೊಟ್ಟಣ ಕಟ್ಟಿ, ಒಡೆದು ಬಿದ್ದಿದ್ದ ಒಂದು ಚೂರನ್ನು ಹುಡುಗನ ಅಂಗೈಗೆ ಇಟ್ಟರು. ಅವನು ಅದನ್ನು ಬಾಯಿಗೆ ಹಾಕಿಕೊಂಡು ಓಡಿದ.

ಡಿಸೆಂಬರ್‌ನಲ್ಲಿ ಮತ್ತೊಮ್ಮೆ ಪತ್ರಾಗಾರದ ಕೆಲಸವಿದೆ. ಉಳಿದ ಪಾಯಿಂಟುಗಳ ಜೊತೆಗೆ ಒಂದಿಷ್ಟು ದುಡ್ಡು ಸೇರಿಸಿದರೆ ಇನ್ನೊಂದು ಟಿಕೆಟ್ಟೂ ಆಗುತ್ತದೆ. ಅಪ್ಪ ಇದುವರೆಗೆ ವಿಮಾನ ಹತ್ತಿದವರಲ್ಲ. ಮೂರು ದಿನ ಅಂಗಡಿ ಮುಚ್ಚಿ ಬನ್ನಿ ಎಂದು ಕರೆದೆ. ಬೇಡವೆನ್ನುತ್ತಾರೆ, ಅಂಗಡಿಯ ನೆಪ ಹೇಳುತ್ತಾರೆ ಎಂದುಕೊಂಡಿದ್ದೆ.

ಅಪ್ಪ ಧೂಳು ಹಿಡಿದ ಮೆಷಿನ್ನಿನ ಕಡೆ ಒಮ್ಮೆ ನೋಡಿದರು.

"ಎಂಟೊಂಬತ್ತು ವರ್ಷದಿಂದ ಕೊಟ್ಟಿದೀನಿ. ಬರ್ತೀನಿ ನಡಿಯಮ್ಮ. ಕಿಟಕಿ ಪಕ್ಕದ ಸೀಟೇ ಹಾಕ್ಸು."